ಅರಳು ತಿಂದ ತಾಯಿಮೀನು

ಆ ಮಂಗಳವಾರ ಬೆಳಿಗ್ಗೆ ಮಳೆ ಇರಲಿಲ್ಲ. ರಾತ್ರಿಯೆಲ್ಲ ಸುರಿದು, ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮುದುಕಿಯ ಹಾಗೆ ಸುಮ್ಮನಾಗಿತ್ತು. ಸೆಲಾರ್ ಹೊಳೆಯಿಂದ ಎದ್ದ ಮಂಜು ಆಚೆ ದಡದ ಮರಗಳ ಸೊಂಟದ ತನಕ ಬಂದು ನಿಂತಿತ್ತು. ಕೆಳಗೆ ನೀರು ಕಾಣದು, ಸದ್ದು ಮಾತ್ರ; ಮೇಲೆ ಎಲೆಗಳ ತುದಿಯಲ್ಲಿ ಬಿಸಿಲು ಬರಲೋ ಬೇಡವೋ ಎಂಬಂತೆ ಅಂಟಿಕೊಂಡಿತ್ತು. ಮಧ್ವರಾಜ ಮೊಣಕಾಲುದ್ದ ನೀರಿನಲ್ಲಿ ನಿಂತು, ಸೂರ್ಯ ಇರಬಹುದಾದ ಕಡೆಗೆ ಬೊಗಸೆಯೆತ್ತಿ ಅರ್ಘ್ಯ ಬಿಟ್ಟ. ಬಗ್ಗಿ ಏಳುವಾಗ ಜನಿವಾರಕ್ಕೆ ಕಟ್ಟಿದ್ದ ಬೀಗದಕೈ ಹೊಟ್ಟೆಗೆ ತಣ್ಣಗೆ ತಾಗಿತು. ಮಂತ್ರ ಅಲ್ಲಿಗೇ ತಪ್ಪಿತು. ಮೂರು ತಿಂಗಳಿಂದ ದಿನವೂ ಅದೇ ಜಾಗದಲ್ಲಿ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಅಜ್ಜನೂ ಹೀಗೆಯೇ ಭತ್ತದ ಪತ್ತಾಯದ ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅವರು ಜಗಲಿ ಹತ್ತುವ ಮೊದಲೇ ಅದರ ಕಿಣಿಕಿಣಿ ಮನೆಯೊಳಗೆ ಬಂದು ಹೆಂಗಸರ ಮಾತು ನಿಲ್ಲಿಸುತ್ತಿತ್ತು. ಆದರೆ ಅಜ್ಜನ ಬೀಗದಕೈ ಅಜ್ಜನದೇ ಆಗಿತ್ತು. ಇದು ಇನ್ನೊಬ್ಬನದು. ಇನ್ನೊಬ್ಬನ ಕೈಯಿಂದ ಕಿತ್ತು ತನ್ನ ಕೈಗೆ ಕೊಟ್ಟದ್ದು. ಕೊಡುವಾಗ ಎರಡೂ ಕೈ ಚಾಚಿ ತೆಗೆದುಕೊಂಡದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ದಂಡೆಗೆ ಬಂದು ಪಂಚೆ ಹಿಂಡುವಷ್ಟರಲ್ಲಿ ಪಂಪ್‌ಮನೆಯ ಕಿಟಕಿಯಲ್ಲಿಟ್ಟ ಫೋನು ಬಡಿದುಕೊಳ್ಳತೊಡಗಿತು. ಇಡೀ ಆವರಣದಲ್ಲಿ ಸಿಗ್ನಲ್ ಸಿಗುವುದು ಆ ಕಿಟಕಿಯಲ್ಲೊಂದೇ. ಸೆಲಾಂಗೋರ್ ರಾಜ್ಯದ ಪುಚೊಂಗಿನ ಮನೆಯಿಂದ ಹೆಂಡತಿ ರತ್ನ.

"ರೀ, ಕೇಳಿಸ್ತದಾ? ಕೊರೊನಾ ಅಂತ ಇವತ್ತು ರಾತ್ರಿ ಹನ್ನೆರಡಕ್ಕೆ ಪುನಃ ರೋಡ್ ಬಂದ್ ಅಂತೆ. ಆಮೇಲೆ ಸೆಲಾಂಗೋರಿನ ಒಳಗೆ ಬರ್ಲಿಕ್ಕೂ ಇಲ್ಲ, ಹೊರಗೆ ಹೋಗ್ಲಿಕ್ಕೂ ಇಲ್ಲ. ಮಾರ್ಚಿನಲ್ಲಿ ಎರಡು ದಿನ ಅಂತ ಹೋಗಿ ಮೂರು ತಿಂಗಳು ಕೂತ್ರಿ. ಈ ಸಲ ಹಾಗೆ ಮಾಡಿದ್ರೆ ಆ ಮೀನಿನ ಅಡ್ರೆಸ್ಸಿಗೇ ನಿಮ್ಮ ಕಾಗದಪತ್ರ ಎಲ್ಲ ಕಳಿಸಿಬಿಡ್ತೇನೆ."

"ಇವತ್ತು ಅವಳ ಮೊಟ್ಟೆ ತೆಗೀಲಿಕ್ಕೆ ಉಂಟು, ರತ್ನ."

"ನನ್ನ ಹೆರಿಗೆಗೆ ನೀವು ಇಷ್ಟು ಗಡಿಬಿಡಿ ಮಾಡಿರ್ಲಿಲ್ಲ."

ಹಿಂದಿನಿಂದ ಮಗಳು ಅನನ್ಯಳ ದನಿ ಕೇಳಿಸಿತು: "ಅಪ್ಪಾ, ಜಸ್ಟ್ ಕಮ್ ಹೋಮ್ ಲಾ." ಮಧ್ವರಾಜ ನಕ್ಕ. ನಗು ಬಾಯಿಯಲ್ಲೇ ಉಳಿಯಿತು. ಸಂಜೆಯೊಳಗೆ ನೋಡ್ತೇನೆ ಎಂದು ಫೋನಿಟ್ಟ. ಇವತ್ತಾಗದಿದ್ದರೆ ಇನ್ನಾಗದು, ಅದು ಅವನಿಗೆ ಗೊತ್ತಿತ್ತು. ಮೀನಿನ ಡಾಕ್ಟರು ಟ್ರೀಸಾ ಸೆಲಾಂಗೋರಿನ ಸುಬಾಂಗ್ ಜಯಾದಿಂದ ಮೊನ್ನೆಯೇ ಬಂದು ಉಳಿದಿದ್ದರು. ರಸ್ತೆ ಮುಚ್ಚಿದ ಮೇಲೆ ಮತ್ತೆ ಬರಲಾರರು. ನವೆಂಬರ್ ಹೊಕ್ಕರೆ ಹೊಳೆಗೆ ನೆರೆ ಬರುತ್ತದೆ. ನೆರೆಗೆ ಮೊದಲು ತಾಯಿಮೀನನ್ನು ಅದರ ಮಡುವಿಗೇ ತಂದು ಬಿಡುತ್ತೇವೆಂದು ಮೇಲಿನ ಹಾಡಿಯ ಹಿರಿಯರಿಗೆ ಮಾತು ಕೊಟ್ಟಾಗಿತ್ತು. ಮಾತು ಕೊಟ್ಟವನು ಕುಲೋಪ್. ಬಾಹ್ ಕುಲೋಪ್ ಎಂದೇ ಎಲ್ಲರೂ ಕರೆಯುವುದು. ಆ ಹಾಡಿಯ ಸೆಮೈ ಬುಡಕಟ್ಟಿನವರಲ್ಲಿ ಬಾಹ್ ಎಂದರೆ ನಮ್ಮ ಅಣ್ಣ ಅಂದ ಹಾಗೆ. ಈ ಬೀಗದಕೈ ಅವನದು.

ಮಾರ್ಚಿನಲ್ಲಿ ಮಧ್ವರಾಜ ಇಲ್ಲಿಗೆ ಬಂದದ್ದು ಒಂದು ಪಂಪಿನ ಬೇರಿಂಗ್ ಬದಲಿಸಲು. ಇಪ್ಪತ್ತೆರಡು ವರ್ಷಗಳಿಂದ ಮಲೇಷ್ಯಾದಲ್ಲಿ ಪಂಪು, ಪೈಪು, ನೀರಿಗೆ ಗಾಳಿಯೂದುವ ಯಂತ್ರ, ಇದೇ ಅವನ ಬದುಕು. ಬೇರಿಂಗ್ ಕೂತ ದಿನವೇ ಲೋಕದ ಬಾಗಿಲು ಹಾಕಿತು. ಹೊಳೆದಂಡೆಯ ಈ ಸಣ್ಣ ಮೀನುಮರಿ ಕೇಂದ್ರದಲ್ಲಿ ಅವನು, ಕುಲೋಪ್, ತೊಟ್ಟಿಗಳಲ್ಲಿದ್ದ ಕೆಲಾ ಮೀನುಗಳು ಉಳಿದವು. ಮೊದಲ ಬೆಳಿಗ್ಗೆ ಮುಖ್ಯ ತೊಟ್ಟಿಗೆ ಇಣುಕಿದಾಗ ಅವನ ಎದೆ ಧಸಕ್ಕೆಂದಿತ್ತು. ರೂಪಾಯಿ ನಾಣ್ಯದಗಲದ ಚಿನ್ನದ ಹುರುಪೆ, ದಪ್ಪ ತುಟಿ, ತುಟಿಯ ಕೊನೆಗೆ ಮುದುಕರ ಮೀಸೆಯಂಥ ಎರಡು ಎಳೆ. ಇದು ದೇವರ ಮೀನು. ಘಟ್ಟದ ಬುಡದ ತನ್ನೂರಿನಲ್ಲಿ ಈಶ್ವರ ದೇವಸ್ಥಾನದ ಮೆಟ್ಟಿಲ ಕೆಳಗೆ, ನೀರು ಕಪ್ಪಾಗಿ ತಿರುಗುವಲ್ಲಿ ನೂರಾರು ಸೇರಿ ಬಾಯಿ ತೆರೆಯುತ್ತಿದ್ದವಲ್ಲ, ಅವುಗಳ ತಂಗಿಯೋ ದಾಯಾದಿಯೋ. ಅಲ್ಲಿ ಯಾರೂ ಅವನ್ನು ಹಿಡಿಯುವುದಿಲ್ಲ, ಮುಟ್ಟುವುದೂ ಇಲ್ಲ. ಅರಳು ಎರಚಿ ಕೈಮುಗಿಯುತ್ತಾರೆ, ಅಷ್ಟೆ. ಆರು ವರ್ಷದ ಮಧ್ವರಾಜನ ಮೈತುಂಬ ಹುಣ್ಣೆದ್ದು ಯಾವ ಮದ್ದಿಗೂ ಬಗ್ಗದಿದ್ದಾಗ ಅಮ್ಮ, ಚಂದ್ರಮ್ಮ, ಆ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಿದ್ದಳು: ಈ ಹುಡುಗ ಇರುವವರೆಗೆ ವರ್ಷಕ್ಕೆ ಒಂದು ಸೇರು ಅರಳು ನಿಮಗೆ. ಹುಣ್ಣು ಒಣಗಿತು. ಅಮ್ಮ ಇರುವವರೆಗೆ ತಪ್ಪಿಸಲಿಲ್ಲ. ಸಾಯುವ ಮೊದಲು, ಇನ್ನು ನೀನು ನೋಡಿಕೋ ಅಂದಿದ್ದಳು. ಮಧ್ವರಾಜ ಹೂಂ ಅಂದಿದ್ದ. ಆಮೇಲೆ ವಿಮಾನ ಹತ್ತಿದ. ಊರಿಗೆ ಹೋದಾಗೆಲ್ಲ ಮದುವೆ, ಬ್ಯಾಂಕು, ಹಲ್ಲಿನ ಡಾಕ್ಟರು. ಮಡುವಿನ ದಾರಿಯೊಂದು ಉಳಿದೇ ಹೋಗುತ್ತಿತ್ತು. ಈಗ ನೋಡಿದರೆ ಮಡುವೇ ಹುಡುಕಿಕೊಂಡು ಬಂದಿದೆ! ಅವನ ಕಾರಿನ ಡಿಕ್ಕಿಯಲ್ಲಿ ಪುಚೊಂಗಿನ ತಮಿಳಂಗಡಿಯ ಪೊರಿಯ, ಅಂದರೆ ಮಂಡಕ್ಕಿಯ, ದೊಡ್ಡ ಚೀಲವಿತ್ತು, ಯುಗಾದಿ ಸಮಯಕ್ಕೆಂದು ರತ್ನ ತರಿಸಿದ್ದು. ಅರಳಲ್ಲದಿದ್ದರೂ ಅರಳಿನ ಜಾತಿಯದೇ. ಅದನ್ನು ನೋಡಿದಾಗ ಇದು ಕಾಕತಾಳೀಯ ಅಂತ ಅವನಿಗೆ ಅನ್ನಿಸಲೇ ಇಲ್ಲ. ಯಾರೋ ಕಳಿಸಿದ್ದಾರೆ ಅನ್ನಿಸಿತು. ಮರುದಿನದಿಂದ ಸಂಧ್ಯಾವಂದನೆ ಮುಗಿಸಿ ತೊಟ್ಟಿಯ ಬಳಿ ನಿಂತು ಬೊಗಸೆ ಬೊಗಸೆ ಸುರಿದ. ತಾಯಿಮೀನು ಮೇಲೆ ಬಂದು ಚುಪ್ ಚುಪ್ ಎಂದು ತಿನ್ನುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇದು ಹೋದ ವರ್ಷದ್ದು, ಇದು ಅದರ ಹಿಂದಿನದು. ಚೀಲ ಮುಗಿದಾಗ, ಹಾಡಿಗೆ ಸಾಮಾನು ತರುವ ಲಾರಿಯವನಿಂದ ಇನ್ನೊಂದು ತರಿಸಿದ. ಕುಲೋಪ್ ಒಂದು ದಿನ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತು, "ರಾಜಾ, ಇವಳು ಹಣ್ಣು ತಿನ್ನೋಳು, ಹುಳ ತಿನ್ನೋಳು. ಇದು ಯಾಕೆ?" ಎಂದ. ಮಧ್ವರಾಜ ತನ್ನ ಹರಕುಮುರುಕು ಮಲಯದಲ್ಲಿ, ಇದು ದೇವರದ್ದು ಅಂದ. ಕುಲೋಪ್ ಎದ್ದು ಹೋದ. ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡದ್ದೂ ಮಧ್ವರಾಜನಿಗೆ ನೆನಪಿದೆ. ಇಷ್ಟು ನೆನಪಿರಬಾರದಿತ್ತು.

ತೊಟ್ಟಿಮನೆಯ ಬೀಗ ತೆಗೆಯಲು ಹೋದರೆ ಹೊಸ್ತಿಲ ಮೇಲೆ ಬಾಳೆಲೆಯ ಪೊಟ್ಟಣ ಇತ್ತು. ದಿನವೂ ಇರುತ್ತದೆ. ಒಳಗೆ ಹೊಳೆದಂಡೆಯ ಅತ್ತಿಹಣ್ಣು, ಕೆಲವು ಸಲ ಎರೆಹುಳ. ಇಟ್ಟವನು ಅಷ್ಟು ದೂರದಲ್ಲಿ ಮೆದುಗೊಳವೆ ಸುತ್ತುತ್ತ, ನೋಡಿಯೂ ನೋಡದ ಹಾಗೆ ಬೆನ್ನು ತಿರುಗಿಸಿ ಕೂತಿದ್ದ. ಜುಲೈಯಿಂದ ಕುಲೋಪ್ ಈ ಹೊಸ್ತಿಲು ದಾಟಿಲ್ಲ. ದಾಟಬಾರದೆಂದು ಹೇಳಿದವರು ಟ್ರೀಸಾ. ಆವತ್ತು ಸೂಜಿಮದ್ದು ಕೊಟ್ಟು, ಗಂಟೆ ಎಣಿಸಿ, ತಾಯಿಯ ಹೊಟ್ಟೆ ಒತ್ತಿದರೆ ಮೊಟ್ಟೆಯ ಬದಲು ಬೆಳ್ಳಗೆ ನಾಲ್ಕು ಸತ್ತ ಕಾಳು ಬಿದ್ದವು, ಅಷ್ಟೆ. ಟ್ರೀಸಾ ಹೊಟ್ಟೆ ಸವರಿ ನೋಡಿ, "ಕೊಬ್ಬು. ಒಳಗೆಲ್ಲ ಕೊಬ್ಬು ಕಟ್ಟಿ ಮೊಟ್ಟೆ ಬೆಳೀಲಿಕ್ಕೆ ಜಾಗವೇ ಇಲ್ಲ. ಯಾರು ಏನು ತಿನ್ನಿಸಿದ್ದು ಇವಳಿಗೆ?" ಎಂದು ಸುತ್ತ ಕಣ್ಣಾಡಿಸಿದರು. ತೊಟ್ಟಿಯ ಮೂಲೆಯಲ್ಲಿ ಮೂರು ಎಣ್ಣೆತಾಳೆಯ ಬೀಜ ಬಿದ್ದಿದ್ದವು. ಕೆಲಾ ಮೀನಿಗೆ ಅದೆಂದರೆ ಪ್ರಾಣ. ಗಾಳ ಹಾಕುವವರೂ ಅದನ್ನೇ ಸಿಕ್ಕಿಸುವುದು. ಕುಲೋಪ್ ಯಾವಾಗಲೋ ಒಮ್ಮೆ ಮುದ್ದಿಗೆ ಕೊಟ್ಟದ್ದು. ಅಷ್ಟು ಸಾಕಾಯಿತು. ಆ ಹೆಂಗಸು ಕೋಪ ಬಂದರೆ ಮಂಗಳೂರಿನ ಮೀನುಪೇಟೆಯನ್ನೇ ಬಾಯಲ್ಲಿ ತರುವವರು. ಮಲಯದಲ್ಲಿ ಬೈಯುವಾಗಲೂ ರಾಗ ಅಲ್ಲಿಯದೇ. ಕುಲೋಪ್ ಒಮ್ಮೆ ಮಾತ್ರ ತಲೆಯೆತ್ತಿ ಮಧ್ವರಾಜನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವನು ಸುಮ್ಮನೆ ಕಾಯುತ್ತಿದ್ದ. ಮಧ್ವರಾಜ ಪಂಪಿನ ಒತ್ತಡ ತೋರಿಸುವ ಮುಳ್ಳನ್ನು ನೋಡಿದ. ಮುಳ್ಳು ಎಲ್ಲಿರಬೇಕೋ ಅಲ್ಲಿಯೇ ಇತ್ತು. ಆಮೇಲೆ ಕುಲೋಪ್ ತಲೆ ತಗ್ಗಿಸಿದ. ಟ್ರೀಸಾ ಅವನ ಕೊರಳಿನ ಬೆತ್ತದ ದಾರದಿಂದ ಬೀಗದಕೈ ಬಿಚ್ಚಿಸಿ, "ಇನ್ನು ನೀವೇ ನೋಡ್ಕೊಳ್ಳಿ ರಾಯರೇ, ನಿಮ್ಮವರಾದ್ರೆ ಮೀನನ್ನು ದೇವರು ಅಂತ ಕಾಣ್ತೀರಿ" ಎಂದರು. ಅದನ್ನೇ ಅವನು ಎರಡೂ ಕೈಯಲ್ಲಿ ತೆಗೆದುಕೊಂಡದ್ದು. ಆ ಸಂಜೆಯೇ ಉಳಿದ ಪೊರಿಯನ್ನು ಕೋಳಿಗಳಿಗೆ ಸುರಿದುಬಿಟ್ಟ. ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಮೊದಲ ಪೊಟ್ಟಣ ಕಂಡಿತು. ತಿಂಗಳಿಗೆರಡು ಸಲ ಪುಚೊಂಗಿಗೆ ಹೋಗಿ ಬರುವಾಗಲೂ ಬೀಗದಕೈ ಅವನ ಮೈಮೇಲೇ ಇರುತ್ತಿತ್ತು. ಆ ದಿನಗಳಲ್ಲಿ ಕುಲೋಪ್ ಕಿಟಕಿಯ ಸರಳಿನಿಂದ ಹಣ್ಣು ತೂರುತ್ತಿದ್ದನಂತೆ. ನೀರಿನ ಓಟ ಜೋರು ಮಾಡಿ ಅವಳನ್ನು ಈಜಿಸಬೇಕೆಂದು ಹೇಳಿದವನೂ ಕುಲೋಪ್, ಹೊರಗಿನಿಂದಲೇ, ಮುಖ ನೋಡದೆ.

"ಎಂತ ರಾಯರೇ, ಬೀಗಕ್ಕೂ ನಮಸ್ಕಾರ ಮಾಡ್ಲಿಕ್ಕುಂಟಾ? ಎಷ್ಟು ಹೊತ್ತು ನಿಲ್ತೀರಿ?"

ಟ್ರೀಸಾ ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು ಬಂದಿದ್ದರು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ದೇಶ ದೇಶ ಸುತ್ತಿ ಮೀನಿಗೆ ಹೆರಿಗೆ ಮಾಡಿಸಿದವರು. ಒಳಗೆ ಹೋದವರೇ ತೊಟ್ಟಿಗೆ ಬಗ್ಗಿ, ತಾಯಿಯ ಹೊಟ್ಟೆಯನ್ನು ನೀರೊಳಗೇ ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ಅವರ ಮುಖ ಮೆಲ್ಲಗೆ ಅರಳಿತು. "ಮೆತ್ತಗಾಗಿದೆ ರಾಯರೇ. ಬಾಳೆಹಣ್ಣಿನ ಹಾಗೆ. ಇನ್ನೊಂದು ಅರ್ಧ ಗಂಟೆ. ನಿಮ್ಮ ಕೈಗುಣ, ಮತ್ತೆಂತ ಹೇಳುದು! ಮೂರು ತಿಂಗಳಲ್ಲಿ ಎಷ್ಟು ಚಂದ ಇಳಿಸಿದ್ದೀರಿ ಇವಳನ್ನು."

ಹೊಗಳಿಕೆ ಬೆನ್ನಿಗೆ ಹಾಕಿದ ಬರೆಯಂತೆ ಬಿತ್ತು. ಬಾಗಿಲ ಹೊರಗೆ ಮೆದುಗೊಳವೆ ಸುತ್ತುವ ಸದ್ದು ನಿಲ್ಲಲಿಲ್ಲ. ಅವನಿಗೆ ಕನ್ನಡ ಬರುವುದಿಲ್ಲ, ಪುಣ್ಯ ಎಂದುಕೊಂಡ ಮಧ್ವರಾಜ. ಕೂಡಲೇ ಆ ಪುಣ್ಯ ಎಂಬ ಮಾತಿಗೆ ನಾಚಿಕೆಯಾಯಿತು. ಈಗ ಹೇಳಿಬಿಡಲೇ? ಈಗ ಹೇಳಿದರೆ ಟ್ರೀಸಾಬಾಯಿಯ ಗಮನ ತಪ್ಪಿ ಕೆಲಸ ಕೆಟ್ಟರೆ? ಕೆಲಸ ಮುಗಿದ ಮೇಲೆ ಹೇಳಿದರೆ, ಬೀಗದಕೈ ಕಳಚಿಕೊಂಡು ಮನೆಗೆ ಓಡುವ ಉಪಾಯ ಅಂದುಕೊಂಡರೆ? ರಾತ್ರಿ ರಸ್ತೆ ಮುಚ್ಚುತ್ತದೆ, ಮೊಟ್ಟೆ ಕಾಯಲು ಒಬ್ಬ ಇಲ್ಲಿರಲೇಬೇಕು, ಅದು ನೀವು ರಾಯರೇ ಎಂದು ಅವರು ನಿನ್ನೆಯೇ ಹೇಳಿಯಾಗಿತ್ತು. ಸತ್ಯಕ್ಕೂ ಒಂದು ಹೊತ್ತು ಇರುತ್ತದೆ. ಮೀರಿದರೆ ಮೀನಿನ ಮೊಟ್ಟೆಯ ಹಾಗೆ ಒಳಗೇ ಕೊಳೆಯುತ್ತದೆ. ಜುಲೈಯಲ್ಲಿ ಒಂದು ವಾಕ್ಯ ಸಾಕಿತ್ತು. ಈಗ ಅದಕ್ಕೆ ಮೂರು ತಿಂಗಳ ಕೊಬ್ಬು ಬೆಳೆದಿತ್ತು.

ಟ್ರೀಸಾ ಬೋಗುಣಿಗಳನ್ನು ಒರೆಸಿ ಒಣಗಿಸುತ್ತ ಮಾತಾಡುತ್ತಿದ್ದರು. ಕೆಲಸಕ್ಕೆ ಮೊದಲು ಅವರಿಗೆ ಮಾತು ಬೇಕು. "ಕೆನಡಾದಲ್ಲಿದ್ದಾಗ ಸಾಲ್ಮನ್ ನೋಡ್ಲಿಕ್ಕೆ ಕರ್ಕೊಂಡು ಹೋಗಿದ್ರು. ಅದು ಸಮುದ್ರದಿಂದ ಹೊರಟು, ಹುಟ್ಟಿದ ಹೊಳೆಯನ್ನೇ ಹುಡುಕಿ, ಒಂದು ತುತ್ತು ತಿನ್ನದೆ ಮೇಲೆ ಬರ್ತದೆ. ಅಣೆಕಟ್ಟು ಅಡ್ಡ ಬಂದ್ರೆ ಜನ ಹೊತ್ತುಕೊಂಡು ಹೋಗಿ ಆಚೆ ಬಿಡ್ತಾರೆ. ಮೆಟ್ಟಿಲು ಕಟ್ಟಿ ಕೊಡ್ತಾರೆ ಮಾರಾಯ್ರೇ, ಮೀನಿಗೆ ಮೆಟ್ಟಿಲು! ಹೊಳೆಯಲ್ಲಿ ಜಲ್ಲಿ ಇಲ್ಲದಿದ್ರೆ ಲಾರಿಯಲ್ಲಿ ಜಲ್ಲಿ ತಂದು ಸುರೀತಾರೆ. ಅವಳು ಬಾಲದಲ್ಲಿ ಜಲ್ಲಿ ಗುಡಿಸಿ, ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮುಚ್ಚಿ, ಅಲ್ಲೇ ಸಾಯ್ತಾಳೆ. ಅವಳ ಮೈಯೇ ಕರಗಿ ಹೊಳೆಗೆ ಗೊಬ್ಬರ, ಮಕ್ಕಳಿಗೆ ಊಟ. ನಾನು ದಂಡೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಕೆಲಾ ಹಾಗಲ್ಲ, ದೇವರ ದಯೆ. ಇವಳು ಕೊಟ್ಟು, ಬದುಕಿ, ಮತ್ತೆ ಕೊಡುವವಳು. ಜಲ್ಲಿಯೊಂದು ಉಳಿದಿದ್ರೆ ನಾವೂ ಬೇಕಿರ್ಲಿಲ್ಲ."

ಜಲ್ಲಿ ಉಳಿದಿರಲಿಲ್ಲ. ಮೇಲೆ ಗುಡ್ಡದ ಮರ ಕಡಿದ ಮೇಲೆ ಕೆಂಪುಮಣ್ಣು ಇಳಿದು ಹೊಳೆಯ ತಳವನ್ನೆಲ್ಲ ಮುಚ್ಚಿ, ಇಟ್ಟ ಮೊಟ್ಟೆ ಉಸಿರುಗಟ್ಟಿ ಸಾಯುತ್ತಿತ್ತು. ಐದು ವರ್ಷದಿಂದ ಹಾಡಿಯವರು ಮಡುವಿನಲ್ಲಿ ಒಂದು ಮರಿ ಕಂಡಿಲ್ಲ. ಅದಕ್ಕೇ, ಅಜ್ಜಂದಿರ ಕಾಲದಿಂದ ಯಾರೂ ಬಲೆ ಹಾಕದ ಮಡುವಿನಿಂದ ತಾಯಿಯನ್ನು ಎತ್ತಿ ಕೊಡಲು ಅವರು ಒಪ್ಪಿದ್ದು: ಮೊಟ್ಟೆ ನೀವು ತೆಗೆಯಿರಿ, ತಾಯಿ ನಮಗೆ, ಮರಿಗಳಲ್ಲಿ ಅರ್ಧ ಹೊಳೆಗೆ. ಜುಲೈಯಲ್ಲಿ ಬರಿಗೈ ಸುದ್ದಿ ಹೋದಾಗ ಹಿರಿಯರೂ ಕುಲೋಪನ ಜೊತೆ ಎರಡು ವಾರ ಮಾತು ಬಿಟ್ಟಿದ್ದರಂತೆ.

ಅರ್ಧ ಗಂಟೆ ಆಯಿತು. ಸಣ್ಣ ತೊಟ್ಟಿಯ ನೀರಿಗೆ ಟ್ರೀಸಾ ಲವಂಗದೆಣ್ಣೆ ಬೆರೆಸಿದರು; ಹಲ್ಲುನೋವಿನ ವಾಸನೆ ಕೋಣೆ ತುಂಬಿತು. ಎರಡು ಗಂಡುಮೀನುಗಳ ಹಾಲಿನಂಥ ವೀರ್ಯ ಮೊದಲೇ ತೆಗೆದಿಟ್ಟಾಗಿತ್ತು. ತಾಯಿ ಮಂಪರಿನಲ್ಲಿ ಓರೆಯಾದಳು. ಟ್ರೀಸಾ ಮಾಸ್ಕನ್ನು ಮೇಲೆಳೆದುಕೊಂಡು, ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು, "ಎತ್ತಿ ರಾಯರೇ" ಎಂದರು.

ಮಧ್ವರಾಜ ಕೈ ಇಳಿಸಿದ. ಆರು ಕಿಲೋ ಜೀವ ಅಂಗೈಗಳ ಮೇಲೆ ಬಂದು ಕೂತಿತು. ಇಷ್ಟು ತಿಂಗಳು ಉಣಿಸಿದ್ದ, ನೋಡಿದ್ದ, ಮುಟ್ಟಿರಲಿಲ್ಲ. ಮುಟ್ಟಬಾರದೆಂದು ಅಮ್ಮ ಮಡುವಿನ ಮೆಟ್ಟಿಲಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡೇ ಕೂರುತ್ತಿದ್ದಳು. ಆ ಹಿಡಿತ ಈಗ ಮಣಿಕಟ್ಟಿಗೆ ಬಂತು, ಬೆರಳುಗಳ ಗುರುತು ಸಹಿತ. ಅವಳ ಕಣ್ಣಿಗೆ ರೆಪ್ಪೆಯಿಲ್ಲ. ಆ ಕಣ್ಣು ಅವನನ್ನು ನೋಡಿತು, ಆವತ್ತು ಕುಲೋಪ್ ನೋಡಿದ ಹಾಗೆ, ಸುಮ್ಮನೆ, ಕಾಯುತ್ತ. ಅವನ ಕೈ ಸಡಿಲಾಯಿತು. ಅವಳು ಮಂಪರಿನಲ್ಲೇ ಒಮ್ಮೆ ಕೊಸರಿದಳು. ಬಾಲದ ಪೆಟ್ಟಿಗೆ ಒಣಗಿಸಿಟ್ಟ ಬೋಗುಣಿ ಠಣ್ಣೆಂದು ನೆಲಕ್ಕೆ ಬಿತ್ತು.

"ಗಟ್ಟಿ ಹಿಡೀರಿ! ಇನ್ನೊಂದು ಸಲ ಕೊಸರಿದ್ರೆ ಮೊಟ್ಟೆಯೆಲ್ಲ ಇಲ್ಲೇ ನೆಲಕ್ಕೆ."

ಅವನು ಅವಳನ್ನು ಮೆಲ್ಲಗೆ ನೀರಿಗೆ ಇಳಿಸಿದ. "ನನ್ನ ಕೈಗೆ ಆಗುದಿಲ್ಲ ಟ್ರೀಸಾಬಾಯಿ. ಅವನನ್ನು ಕರೀಬೇಕು."

"ಯಾರನ್ನು? ಬೇಡ. ಅವನ ಕೈ ಸುದ್ದಿ ನಂಗೆ ಬೇಡ."

"ತಿನ್ನಿಸಿದ್ದು ನಾನು."

ಹೇಳಿಯಾಗಿತ್ತು. ಮೂರು ತಿಂಗಳು ಬೆಟ್ಟದಂತಿದ್ದದ್ದು ಎರಡು ಮಾತಿನಲ್ಲಿ ಮುಗಿದುಹೋದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಉಳಿದದ್ದು ತಾನಾಗಿ ಬಂತು. "ಪೊರಿ. ದಿನಾ ಮೂರು ನಾಲ್ಕು ಬೊಗಸೆ. ಅಮ್ಮನ ಹರಕೆ ಇತ್ತು. ಊರಿನ ಮೀನಿಗೆ ಕೊಡಬೇಕಾದ್ದನ್ನು ಇವಳಿಗೆ ಕೊಟ್ಟೆ. ಅವನು ಬೇಡ ಅಂದಿದ್ದ. ಆಮೇಲೆ ಇಳಿಸಿದ್ದೂ ನಾನಲ್ಲ. ದಿನಾ ಹಣ್ಣು ತಂದಿಟ್ಟವ ಅವನು. ನಾನು ಎತ್ತಿ ಹಾಕಿದೆ, ಅಷ್ಟೆ."

ಟ್ರೀಸಾ ಅವನನ್ನು ನೋಡಿದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ. ಆ ಕಣ್ಣಿನಲ್ಲಿ ಏನೇನು ಬಂದು ಹೋಯಿತೋ ಅವನಿಗೆ ಪೂರ್ತಿ ತಿಳಿಯಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಬೇರೆ ಏನೋ ಬಂತು, ಅದು ಅವನ ಮೇಲಿನದಾಗಿರಲಿಲ್ಲ. "ನಾನು ಅವನನ್ನು ಮೂರು ತಿಂಗಳು ಹೊರಗೆ ನಿಲ್ಲಿಸಿದ್ದೇನೆ ರಾಯರೇ" ಎಂದರು, ಬಹಳ ಸಣ್ಣ ದನಿಯಲ್ಲಿ. ಮರುಕ್ಷಣ ದನಿ ತನ್ನ ಜಾಗಕ್ಕೆ ಬಂತು. "ಮೊದ್ಲು ಮೀನು. ನಿಮ್ಮನ್ನು ಆಮೇಲೆ ನೋಡ್ಕೊಳ್ತೇನೆ. ಬಾಹ್! ಬಾಹ್ ಕುಲೋಪ್! ಬಾ ಒಳಗೆ, ಬೇಗ!"

ಕುಲೋಪ್ ಬಂದ. ಹೊಸ್ತಿಲಲ್ಲಿ ಅರೆಗಳಿಗೆ ನಿಂತು, ಬಲಗಾಲಿನ ಹೆಬ್ಬೆರಳಲ್ಲಿ ಅದನ್ನು ಮುಟ್ಟಿ ನೋಡಿ, ದಾಟಿದ. ಅವನು ತೊಟ್ಟಿಗೆ ಬಗ್ಗಿ ಅವಳ ನೆತ್ತಿಯ ಮೇಲೆ ಮೂರು ಸಲ ಮೆಲ್ಲಗೆ ಊದಿದ. ಹಾಡಿಯಲ್ಲಿ ಜ್ವರದ ಮಕ್ಕಳಿಗೆ ಊದುವ ಹಾಗೆ. ಒದ್ದೆ ಬಟ್ಟೆಯನ್ನು ಕಣ್ಣಿನ ಮೇಲೆ ಹೊದಿಸಿ, ಒಂದು ಕೈ ಬಾಲದ ಬುಡಕ್ಕೆ, ಒಂದು ಕೈ ಎದೆಯ ಕೆಳಗೆ ಕೊಟ್ಟು ಎತ್ತಿದ. ಅವಳು ಅಲುಗಲಿಲ್ಲ. ಟ್ರೀಸಾ ಹೆಬ್ಬೆರಳಿನಿಂದ ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಸವರಿದರು, ಹೂ ಬಿಡಿಸುವಷ್ಟು ಹಗುರವಾಗಿ. ಮೊದಲು ಏನೂ ಬರಲಿಲ್ಲ. ಪಂಪಿನ ಸದ್ದೊಂದೇ. ಎರಡನೇ ಸಲ ಒಂದು ಕಾಳು ಜಾರಿತು, ಅರಿಸಿನದ ಬಣ್ಣದ್ದು, ಒಳಗೆ ಬೆಳಕಿರುವಂಥದ್ದು. ಆಮೇಲೆ ಒಂದೇ ಸಮನೆ, ಎಳೆಯಾಗಿ, ಹರಿವಾಣಕ್ಕೆ ಸುರಿದ ಕಡಲೆಬೇಳೆಯ ಹಾಗೆ ಬೋಗುಣಿಗೆ ಇಳಿಯತೊಡಗಿದವು. ಬಾಹ್ ಕುಲೋಪನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಕೈ ಬಿಡುವ ಹಾಗಿಲ್ಲದ್ದರಿಂದ ಒರೆಸಿಕೊಳ್ಳದೆ ನಿಂತಿದ್ದ. ಮಧ್ವರಾಜ ತನ್ನ ಹೆಗಲ ಬೈರಾಸಿನ ತುದಿಯಿಂದ ಅವನ ಮುಖ ಒರೆಸಿದ. ಅದು ಬೆವರೋ ಬೇರೆಯೋ ಎಂದು ನೋಡಲು ಹೋಗಲಿಲ್ಲ.

ಟ್ರೀಸಾ ಗಂಡುಮೀನಿನ ಹಾಲು ಸುರಿದು ಕೋಳಿಗರಿಯನ್ನು ಮಧ್ವರಾಜನ ಕೈಗೆ ಕೊಟ್ಟರು. "ಕಲಸಿ. ಇದನ್ನಾದ್ರೂ ಕೈಯಿಂದ ಬಿಡ್ಬೇಡಿ." ಅವನು ಗರಿಯಲ್ಲಿ ಕಲಸಿದ, ತೀರ್ಥಕ್ಕೆ ತುಳಸಿ ಅದ್ದುವಷ್ಟು ಮೆಲ್ಲಗೆ. ನೀರು ಬಿದ್ದೊಡನೆ ಮೊಟ್ಟೆಗಳು ಉಬ್ಬಿ ದುಂಡಗಾದವು. ಇನ್ನು ನಾಲ್ಕು ದಿನ ಎಂದರು ಟ್ರೀಸಾ. ನಾಲ್ಕು ದಿನಕ್ಕೆ ಕಣ್ಣು, ಬಾಲ ಕಾಣಿಸುತ್ತದೆ. ಹೊಳೆಯ ಜಲ್ಲಿ ಮಾಡಬೇಕಾದ ಕೆಲಸವನ್ನು ಇಷ್ಟು ದಿನ ಮನುಷ್ಯ ಮಾಡಬೇಕು: ಓಡುವ ನೀರು, ಕತ್ತಲೆ, ಸತ್ತದ್ದನ್ನು ಹೆಕ್ಕಿ ತೆಗೆಯುವ ಒಂದು ಕೈ. ತನ್ನ ತಪ್ಪಿಗೆ ತಕ್ಕ ಶಿಕ್ಷೆಯನ್ನು ಅವನು ಮನಸ್ಸಿನಲ್ಲಿ ಹುಡುಕುತ್ತಲೇ ಇದ್ದ, ಸಿಕ್ಕಿದ್ದು ಈ ಬೋಗುಣಿ ತುಂಬ ಬೆಳಕು. ಇಂಥ ಲೆಕ್ಕ ಮಾಡುವ ದೇವರ ಎದುರು ಏನು ಮಾತಾಡುವುದು? ತಪ್ಪು ಹೊಟ್ಟೆಗೆ ಹಾಕಿಕೋ ತಾಯಿ ಎಂದು ಅಮ್ಮ ಮಡುವಿನ ಮುಂದೆ ಹೇಳುತ್ತಿದ್ದದ್ದು ನೆನಪಾಗಿ, ಅವನು ತೊಟ್ಟಿಯ ಕಡೆಗೆ ತಿರುಗಿ ತಲೆ ಬಾಗಿಸಿದ.

ತಾಯಿ ಎಚ್ಚೆತ್ತು ಕಿವಿರು ಆಡಿಸತೊಡಗಿದ ಮೇಲೆ ಮಡುವಿಗೆ ಹೊರಟರು. ನೈಲಾನ್ ಬಲೆ ಹುರುಪೆ ಕೀಳುತ್ತದೆ ಎಂದು ಟ್ರೀಸಾ ಬೇಡವೆಂದರು. ಮಧ್ವರಾಜ ಮಡಿಗೆ ಇಟ್ಟ ಹತ್ತಿಯ ಪಂಚೆ ತಂದು ಹೊಳೆಯಲ್ಲಿ ಅದ್ದಿದ. ಅದನ್ನೇ ಜೋಲಿ ಮಾಡಿ, ನೀರು ಚಿಮುಕಿಸುತ್ತ, ದಂಡೆಗುಂಟ ಇಬ್ಬರೂ ಎರಡು ತುದಿ ಹಿಡಿದು ನಡೆದರು. ಮುಂದೆ ಕುಲೋಪ್, ಹಿಂದೆ ಅವನು. ಟ್ರೀಸಾ ಬಕೆಟ್ಟು ಹಿಡಿದು ಪಕ್ಕದಲ್ಲಿ. ಮಂಜು ಕರಗಿ ನೀರಿನ ಮೇಲೆ ಬಿಸಿಲು ಬಿದ್ದಿತ್ತು.

"ನೀನು ಯಾಕೆ ಆವತ್ತೇ ಹೇಳಲಿಲ್ಲ?" ಮಧ್ವರಾಜ ಕುಲೋಪನ ಬೆನ್ನಿಗೆ ಕೇಳಿದ. ಬೆನ್ನಿಗಾದರೆ ಕೇಳುವುದು ಸುಲಭವಿತ್ತು.

ಕುಲೋಪ್ ಜೋಲಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ನೀನು ತಿನ್ನಿಸುವಾಗ ಕಣ್ಣು ಮುಚ್ತಿದ್ದೆ, ರಾಜಾ. ಪ್ರಾರ್ಥನೆ ಮಾಡುವವನ ಮೇಲೆ ದೂರು ಹೇಳೋದು ನಮ್ಮಲ್ಲಿ ಕೆಟ್ಟದು." ದಾರಿಗಡ್ಡ ಬಂದ ಬೇರೊಂದನ್ನು ದಾಟಿ ಹೇಳಿದ: "ಆದರೆ ಬಾಗಿಲ ಹೊರಗೆ ನಿಂತದ್ದು ನೋಯ್ತು. ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ."

"ನೋಯಬೇಕಾದ್ದೇ."

"ನೀನು ಹೊರಗೆ ನಿಂತಿದ್ರೆ ಸತ್ತೇ ಹೋಗ್ತಿದ್ದೆ. ಸೊಳ್ಳೆಗಳು ನಿನ್ನ ರಕ್ತವನ್ನು ಬಹಳ ಇಷ್ಟಪಡ್ತವೆ, ಪೊರಿ ತಿಂದ ರಕ್ತ." ಕುಲೋಪ್ ತಿರುಗದೆಯೇ ನಕ್ಕ. ಜೋಲಿ ಅಲುಗಿತು. ಟ್ರೀಸಾ, "ಇಬ್ಬರೂ ಬಾಯಿ ಮುಚ್ಚಿ ನಡೀರಿ, ಬಾಣಂತಿ ಇದ್ದಾಳೆ" ಎಂದು ಮೊದಲು ಮಲಯದಲ್ಲಿ, ಆಮೇಲೆ ಕನ್ನಡದಲ್ಲಿ ಗದರಿದರು.

ಮಡುವಿನ ಅಂಚಿನ ಬಂಡೆಯ ಮೇಲೆ ಹಾಡಿಯ ಇಬ್ಬರು ಹಿರಿಯರು ಮಾಸ್ಕು ಹಾಕಿ, ದೂರ ದೂರ ಕೂತಿದ್ದರು. ಮಧ್ವರಾಜ, ಕುಲೋಪ್ ಇಬ್ಬರೂ ಸೊಂಟದ ತನಕ ನೀರಿಗಿಳಿದರು. ಕುಲೋಪ್ ಅವಳ ಮುಖವನ್ನು ನೀರಿನ ಓಟಕ್ಕೆದುರು ತಿರುಗಿಸಿ ಹಿಡಿದ. ಪಂಚೆಯನ್ನು ಕೆಳಗಿನಿಂದ ಮೆಲ್ಲಗೆ ಎಳೆದುಕೊಂಡ ಮಧ್ವರಾಜನಿಗೆ ಅವಳ ಹೊಟ್ಟೆ ಅಂಗೈಗೆ ಒಮ್ಮೆ ತಾಗಿತು. ಈ ಸಲ ಮಣಿಕಟ್ಟಿನಲ್ಲಿ ಅಮ್ಮನ ಹಿಡಿತ ಇರಲಿಲ್ಲ. ಅವಳು ಒಂದು, ಎರಡು, ಮೂರು ಸಲ ಬಾಯಿ ತೆರೆದು ಮುಚ್ಚಿದಳು. ಕೈಗಳ ನಡುವೆ ಇದ್ದವಳು ಇಲ್ಲವಾದಳು. ಕಪ್ಪು ನೀರಿನಲ್ಲಿ ಚಿನ್ನದ ಗೆರೆಯೊಂದು ಇಳಿದು ಹೋಯಿತು. ಬಂಡೆಯ ಮೇಲಿನ ಮುದುಕನೊಬ್ಬ ಮಾಸ್ಕು ಸರಿಸಿ, ಬಾಯಿಂದ ಎಲೆಯಡಿಕೆ ತೆಗೆದು ನೀರಿಗೆ ಹಾಕಿ, ಹೂಂ ಎಂದ. ಅಷ್ಟೇ ರಸೀದಿ.

ದಂಡೆಯಲ್ಲಿ ಟ್ರೀಸಾ ಕುಲೋಪನ ಎದುರು ಬಂದು ನಿಂತರು. ಚೀಲದಿಂದ ಬೆಳಿಗ್ಗೆ ತಾಪಾವ್, ಅಂದರೆ ಪಾರ್ಸಲ್, ಮಾಡಿಸಿ ತಂದಿದ್ದ ಅನ್ನದ ಪೊಟ್ಟಣ ತೆಗೆದು ಅವನ ಕೈಯಲ್ಲಿಟ್ಟು, "ಮಾಫ್, ಬಾಹ್. ಮೊದಲು ನೀನು ತಿನ್ನು" ಎಂದರು. ಕುಲೋಪ್ ಬಿಚ್ಚಿ, ಮೂರು ಪಾಲು ಮಾಡಿದ.

ತಿನ್ನುತ್ತ ಟ್ರೀಸಾ ಗಡಿಯಾರ ನೋಡಿಕೊಂಡರು. "ನಾನು ಎರಡಕ್ಕೆ ಹೊರಡ್ಬೇಕು. ರಾಯರೇ, ನೀವು?"

"ಪಂಪು ನೋಡ್ಲಿಕ್ಕೆ ಒಬ್ಬ ಬೇಕಲ್ಲ. ಅವನ ಕೈಕೆಳಗೆ ಇರ್ತೇನೆ. ಸತ್ತ ಮೊಟ್ಟೆ ಹೆಕ್ಕುವುದು ಕಲಿಸಿದ್ರೆ ಅದನ್ನೂ ಮಾಡ್ತೇನೆ."

"ಹೆಂಡತಿ?"

"ಬೈತಾಳೆ. ಬೈಯ್ಲಿ." ಬೈಯುವವರು ಇರುವುದೂ ಒಂದು ಭಾಗ್ಯ ಎಂದು ಅವನಿಗೆ ಅನ್ನಿಸಿತು. ಆ ವರ್ಷ ಎಷ್ಟು ಮನೆಗಳಲ್ಲಿ ಅದೂ ಉಳಿದಿರಲಿಲ್ಲ.

ತೊಟ್ಟಿಮನೆಯ ಬಾಗಿಲಿಗೆ ಬಂದಾಗ ಹಳೆಯ ಅಭ್ಯಾಸದಿಂದ ಕುಲೋಪ್ ಹೊಸ್ತಿಲಾಚೆಗೇ ನಿಂತ. ಒಳಗೆ ಓಡುವ ನೀರಿನ ಸಣ್ಣ ಸದ್ದು ಕೇಳಿಸುತ್ತಿತ್ತು; ಕತ್ತಲೆಯಲ್ಲಿ ಮಕ್ಕಳಿದ್ದವು. ಮಧ್ವರಾಜ ಅಂಗಿಯೊಳಗೆ ಕೈ ಹಾಕಿದ. ಜನಿವಾರದ ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು, ಉಗುರಿನಿಂದ ಬಿಡಿಸಲು ಹೊತ್ತು ಹಿಡಿಯಿತು. ಕುಲೋಪ್ ಅವಸರ ಮಾಡದೆ ಕಾದ. ಗಂಟು ಬಿಟ್ಟಿತು. ಮಧ್ವರಾಜ ಬೀಗದಕೈಯನ್ನು ಪಂಚೆಯ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಚಾಚಿದ. ಕುಲೋಪ್ ಒಂದೇ ಕೈಯಲ್ಲಿ, ಯಾವಾಗಲೂ ತೆಗೆದುಕೊಳ್ಳುವವನ ಹಾಗೆ ತೆಗೆದುಕೊಂಡು, ಕೊರಳಿನ ಬೆತ್ತದ ದಾರಕ್ಕೆ ಪೋಣಿಸಿದ. ಅದು ಇನ್ನೂ ಬೆಚ್ಚಗಿತ್ತು.